ಅಡುಗೆ ಖಾತೆಯ ರಾಜೀನಾಮೆ

ಆ ದಿನ ನಾನು ಮಾಡಿದ ಕೆಲಸಗಳು ಇವು: ನಸುಕಿನಲ್ಲಿ ಅಂಗಳಕ್ಕೆ ಸಗಣಿ ನೀರು ಹೊಡೆದು ರಂಗೋಲಿ ಹಾಕಿದೆ. ಕಾಲುವೆಯಿಂದ ಆರು ಕೊಡ ನೀರು ತಂದೆ. ಎಮ್ಮೆಗೆ ಹಿಂಡಿ ಕಲಸಿಟ್ಟೆ. ಜೋಳದ ಹಿಟ್ಟು ಜರಡಿ ಹಿಡಿದೆ. ಹರಳುಪ್ಪನ್ನು ಒರಳಿಗೆ ಹಾಕಿ ಸಣ್ಣಗೆ ಕುಟ್ಟಿದೆ. ಬೀಗರಾಗುವವರು ಬರುತ್ತಾರೆಂದು ಅಡುಗೆಮನೆಯ ಹಲಗೆಯ ಮೇಲಿದ್ದ ಭರಣಿಗಳನ್ನೆಲ್ಲ ಇಳಿಸಿ, ಒರೆಸಿ, ಮತ್ತೆ ಜೋಡಿಸಿದೆ. ಜೋಡಿಸುವಾಗ ಉಪ್ಪಿನದನ್ನು ಸಕ್ಕರೆಯ ಜಾಗದಲ್ಲಿಟ್ಟೆ. ಅದು ಆಗ ನನಗೆ ತಿಳಿಯಲಿಲ್ಲ.

ಹೊಸಪೇಟೆಯ ನಮ್ಮ ಮನೆಯಲ್ಲಿ ಅಡುಗೆ ದೊಡ್ಡತ್ತೆಯದು. ಅವರು ನನ್ನ ಮಾವನ ಅಕ್ಕ; ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು ರಾಜರ ಆಳ್ವಿಕೆಯ ಸಂಡೂರಿನಿಂದ ತವರಿಗೆ ಬಂದವರು. ಬಂದ ದಿನ ಒಲೆಯ ಮುಂದೆ ಕೂತವರು ನನ್ನ ಅತ್ತೆ ಮಾವ ಇಬ್ಬರೂ ತೀರಿಹೋದ ಮೇಲೂ ಅಲ್ಲಿಂದ ಎದ್ದಿರಲಿಲ್ಲ. ನಾನು ಮದುವೆಯಾಗಿ ಬರುವ ಹೊತ್ತಿಗೆ ಅವರ ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆಯಷ್ಟೇ ತಿಳಿಯುತ್ತಿತ್ತು. ಮೆಣಸಿನಪುಡಿ ಗೋಡೆಯ ಕಡೆ, ಆಮೇಲೆ ಉಪ್ಪು, ತುದಿಗೆ ಸಕ್ಕರೆ. ಜಾಗದ ಗುರುತಿನ ಮೇಲೆಯೇ ಅವರ ಅಡುಗೆ. ನಮ್ಮನ್ನು ಬಳೆಯ ಸಪ್ಪಳದಿಂದ ಗುರುತಿಸುತ್ತಿದ್ದರು.

ನನ್ನ ಗಂಡನ ಅಣ್ಣ, ಅಂದರೆ ಭಾವ, ವಕೀಲರೊಬ್ಬರ ಬಳಿ ಗುಮಾಸ್ತರು. ಮದರಾಸಿನಲ್ಲಿ ಚುನಾವಣೆಯಾಗಿ ನಮ್ಮ ಜನವೇ ಮಂತ್ರಿಗಳಾದ ಮೇಲೆ ಅವರಿಗೆ ಆ ಮಂತ್ರಿಮಂಡಲದ ಹುಚ್ಚು ಹಿಡಿಯಿತು. ಪತ್ರಿಕೆ ಓದಿ ನಮಗೆ ತಿಳಿಸಿ ಹೇಳುವರು: ಜನ ಆರಿಸಿದವರಲ್ಲೇ ಕೆಲವರು ಮಂತ್ರಿಗಳು, ಒಬ್ಬೊಬ್ಬರಿಗೆ ಒಂದೊಂದು ಖಾತೆ, ಸಭೆ ನಂಬುವಷ್ಟು ದಿನ ಅಧಿಕಾರ. ಒಳಗೆ ಎಷ್ಟೇ ಜಗಳವಾಡಲಿ, ಹೊರಗೆ ಎಲ್ಲರದೂ ಒಂದೇ ಬಾಯಿ. ಕೊನೆಗೆ ಮನೆಯಲ್ಲೂ ಖಾತೆ ಹಂಚಿದರು. ಪ್ರಧಾನಮಂತ್ರಿ ತಾವೇ, ಕಣಜವೂ ತಮ್ಮದು, ಹಾಲು ಹೈನ ಅವರ ಹೆಂಡತಿಯಾದ ನನ್ನ ನೆಗೆಣ್ಣಿಯದು, ಹೊಲ ನನ್ನ ಗಂಡನದು, ಅಡುಗೆ ದೊಡ್ಡತ್ತೆಯದು. ನಾನು ಅಡುಗೆ ಖಾತೆಯ ಗುಮಾಸ್ತೆ. ಎಲ್ಲರೂ ನಕ್ಕೆವು. ದೊಡ್ಡತ್ತೆಯೂ ನಕ್ಕರು.

ಆ ದಿನ ಭಾವನ ಮಗಳನ್ನು ನೋಡಲು ಕಂಪ್ಲಿಯಿಂದ ಅಕ್ಕಿ ಗಿರಣಿಯವರು ಬಂದರು. ದೊಡ್ಡತ್ತೆ ಶಿರಾ ಮಾಡಿದರು. ಬೇಗ ಬೇಗ ಎಂದು ಅವಸರ ಮಾಡಿದವಳು ನಾನೇ. ದೇವರಿಗೆ ಎಡೆ ತೋರುವ ಮುಂಚೆ ಒಲೆಯ ಮೇಲಿನದನ್ನು ಯಾರೂ ರುಚಿ ನೋಡುವಂತಿಲ್ಲ. ಎಡೆಯಾದ ಕೂಡಲೇ ಬಡಿಸಿದೆವು. ಗಿರಣಿಯ ಹಿರಿಯರು ಒಂದು ತುತ್ತು ಬಾಯಿಗಿಟ್ಟು, ಎದ್ದು ಹೋಗಿ ಅಂಗಳದಲ್ಲಿ ಉಗುಳಿ ಬಂದರು.

"ಸಮುದ್ರ ಮದರಾಸಿನ್ಯಾಗ ಐತಿ ಅಂದ್ಕೊಂಡಿದ್ವಿ. ನಿಮ್ಮನ್ಯಾಗ ಐತಲ್ರಿ," ಎಂದರು. ಅವರ ಹೆಂಡತಿ ಸೆರಗು ಅಡ್ಡ ಹಿಡಿದು ನಕ್ಕರು. "ತಿಳಸ್ತೀವಿ" ಎಂದು ಹೇಳಿ ಬಂಡಿ ಹತ್ತಿದರು.

ನಾನು ಅಡುಗೆಮನೆಗೆ ಓಡಿ ಹಲಗೆ ನೋಡಿದೆ. ತಪ್ಪು ಎದುರಿಗೇ ಇತ್ತು. ಭರಣಿಗಳನ್ನು ಅದಲುಬದಲು ಮಾಡಿ ಅವುಗಳ ಜಾಗಕ್ಕಿಟ್ಟೆ.

ಮಧ್ಯಾಹ್ನ ಪಡಸಾಲೆಯಲ್ಲಿ ಮಂತ್ರಿಮಂಡಲ ಕೂತಿತು. ನಾನು ದಿನವೂ ಕೂಡುವ ಕಂಬ ಬಿಟ್ಟು ಬಾಗಿಲ ಮರೆಗೆ ಕೂತೆ. ಬಳೆಗಳನ್ನು ಮೊಣಕೈವರೆಗೆ ಏರಿಸಿ ಬಿಗಿ ಮಾಡಿಕೊಂಡೆ.

"ಭರಣಿ ಜಾಗ ಬದಲಾಗಿತ್ತಪ್ಪ," ಎಂದರು ದೊಡ್ಡತ್ತೆ.

ನೆಗೆಣ್ಣಿ ಎದ್ದು ಹೋಗಿ ನೋಡಿ ಬಂದಳು. "ಎಲ್ಲಾ ಅವುಗಳ ಜಾಗದಾಗ ಅದಾವ. ಕಣ್ಣಿಲ್ಲದಾಕಿ ನೋಡಿದ್ಲಂತ, ಕಣ್ಣಿದ್ದಾಕಿಗೆ ಕಾಣವಲ್ದಂತ!"

ದೊಡ್ಡತ್ತೆ ಕಂಬದ ಕಡೆ ಮುಖ ತಿರುಗಿಸಿದರು. ಅಲ್ಲಿ ನಾನಿರಲಿಲ್ಲ. "ಕೈಕೆಳಗಿನವರು ತಪ್ಪು ಮಾಡಿರಬಾರದೇನು?" ಎಂದು ಕೇಳಿದರು.

"ಮಾಡಿರಬಹುದು ಅತ್ತಿ," ಎಂದರು ಭಾವ. "ಆದ್ರ ಗುಮಾಸ್ತ ತಪ್ಪು ಮಾಡಿದ್ರೂ ಸಭೆಗೆ ಉತ್ತರ ಹೇಳಾಂವ ಮಂತ್ರಿ. ಗುಮಾಸ್ತನ ಹೆಸರು ಹೊರಗ ಬರಂಗಿಲ್ಲ. ಲಂಡನ್ನಿನ್ಯಾಗೂ ಹಿಂಗ."

"ಮೊನ್ನಿ ಓದಿದೆಲ್ಲೋ, ಎಲ್ಲಾರೂ ಕೂಡೇ ಹೊಣಿ ಅಂತ? ಇಳಿದ್ರ ಎಲ್ಲಾರೂ ಕೂಡೇ ಇಳೀತಾರ ಅಂತ?" ಎಂದರು ದೊಡ್ಡತ್ತೆ.

"ಅದು ಎಲ್ಲಾರೂ ಕೂಡಿ ಮಾಡಿದ ತೀರ್ಮಾನಕ್ಕ. ಇದು ಖಾತಿ ತಪ್ಪು. ಖಾತಿ ಯಾರದು, ರಾಜೀನಾಮಿ ಅವರದು."

ಹಾಗಾದರೆ ಕೈ ಎತ್ತಬೇಕೇ ಎಂದು ನನ್ನ ಗಂಡ ಕೇಳಿದರು. ಕೈ ಎತ್ತುವುದು ಸಭೆಯಲ್ಲಿ, ಮಂತ್ರಿಗಳು ಕೈ ಎತ್ತುವುದಿಲ್ಲ, ಪ್ರಧಾನಮಂತ್ರಿ ಒಬ್ಬೊಬ್ಬರನ್ನು ಕೇಳಿ ಎಲ್ಲರ ಮನಸ್ಸು ಹೇಳುತ್ತಾನೆ ಎಂದು ಭಾವ ವಿವರಿಸಿದರು. ನನ್ನ ಗಂಡ "ನೀ ಹೇಳಿದಂಗ ಅಣ್ಣ" ಎಂದರು. ನೆಗೆಣ್ಣಿ "ಆಕೀಗೂ ವಯಸ್ಸಾತಲ್ರಿ, ಸಂಡೂರಿಗೆ ಕಳಸ್ರಿ" ಎಂದಳು. ಸಂಡೂರಿನಲ್ಲಿದ್ದದ್ದು ದೊಡ್ಡತ್ತೆಯ ಗಂಡನ ತಮ್ಮನ ಮಗ. ಹಬ್ಬಕ್ಕೂ ಒಮ್ಮೆ ಕರೆದವನಲ್ಲ.

"ಅಲ್ಲಿ ನನಗ ಒಲಿ ಯಾರು ಕೊಡ್ತಾರಪ್ಪ? ದನದ ಕೊಟ್ಟಗಿ ಕೊಡ್ತಾರ."

"ಹಂಗಾರ ಖಾತಿ ಇಲ್ಲದ ಮಂತ್ರಿ ಆಗಿ ಇಲ್ಲೇ ಕುಂದ್ರತೀಯೇನು?" ಎಂದರು ಭಾವ. ನೆಗೆಣ್ಣಿ ಕಿಸಕ್ಕನೆ ನಕ್ಕಳು. ಭಾವ ನನ್ನ ಕಡೆ ತಿರುಗಿದರು. "ನೀ ಏನಂತೀಯವ್ವ? ಇನ್ನ ಮ್ಯಾಲೆ ಆ ಖಾತಿ ನಿಂದ."

ಹೇಳಬೇಕಾದ ಮಾತು ಒಂದೇ ಇತ್ತು. ಹೇಳಿದ್ದರೆ ನಾಲ್ಕು ಬೈಗಳು ತಿಂದು ಮತ್ತೆ ನೀರಿಗೆ ಹೋಗುತ್ತಿದ್ದೆ, ಅಷ್ಟೇ. ಹೆದರಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಯಾರಿಗೆ ಎಷ್ಟು ಬಡಿಸಬೇಕೆಂದು ನಿರ್ಧರಿಸುವ ಆ ಸೌಟಿನ ಮೇಲೆ ನನಗೆ ಆಸೆಯಿತ್ತು.

"ಎಲ್ಲಾರೂ ಅಂದಂಗ್ರಿ," ಎಂದೆ.

ನನ್ನ ದನಿ ಬಾಗಿಲ ಕಡೆಯಿಂದ ಬಂದದ್ದು ಕೇಳಿ ದೊಡ್ಡತ್ತೆಯ ತಲೆ ಇತ್ತ ತಿರುಗಿತು. ಆಮೇಲೆ ಅವರು ವಾದ ಮಾಡಲಿಲ್ಲ. "ಸಂಡೂರಾಗ ರಾಜ ಒಬ್ಬಾಂವ. ಬೈಯಾಕ ಒಂದು ಮುಖ ಐತಿ," ಎಂದರು. "ನಿಮ್ಮ ಮಂಡಲದಾಗ ಯಾರ ಮುಖಕ್ಕ ಬೈಲೆಪ್ಪ?"

ಬೆಳಿಗ್ಗೆ ಹೊರಡುವ ಬಂಡಿಗೆ ಹೇಳಿಯಾಯಿತು. ದೀಪ ಹಚ್ಚುವ ಹೊತ್ತಿಗೆ ಅವರು ನನ್ನನ್ನು ಅಡುಗೆಮನೆಗೆ ಕರೆದು ಖಾತೆ ಒಪ್ಪಿಸಿದರು. ಸೌಟು, ಲಟ್ಟಣಿಗೆ, ಊದುಗೊಳವೆ, ಒಂದೊಂದನ್ನೂ ಮುಟ್ಟಿ ಹೇಳಿದರು. ಹಲಗೆಯ ಮೇಲೆ ಕೈಯಾಡಿಸಿ ಉಪ್ಪಿನ ಭರಣಿಯ ಮೇಲೆ ನಿಲ್ಲಿಸಿದರು.

"ಉಪ್ಪು ಇಲ್ಲೈತಿ. ಮಧ್ಯಾಹ್ನನೂ ಇಲ್ಲೇ ಇತ್ತಂತ. ಇನ್ನ ಮ್ಯಾಲೆ ಹೆಂಗ ಬೇಕಾದ್ರೂ ಇಡವ್ವ, ನಿನಗ ಕಣ್ಣದಾವ."

ನಾನು ಸೌಟು ಎತ್ತಿಕೊಂಡೆ; ಬಳೆ ಸಪ್ಪಳವಾಗಲಿಲ್ಲ.

"ಬಳಿ ಇಳಿಸ್ಕೋ," ಎಂದರು. "ಮಧ್ಯಾಹ್ನದಿಂದ ಏರಿಸಿದ್ದಿ. ಕೈ ನೋಯ್ತಾವ."

ರಾತ್ರಿ ನನ್ನ ಖಾತೆಯ ಮೊದಲ ಅಡುಗೆ: ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಮಜ್ಜಿಗೆ. ಚೆನ್ನಾಗಿದೆ ಎಂದು ಭಾವ ಎರಡು ರೊಟ್ಟಿ ಹೆಚ್ಚಿಗೆ ಹಾಕಿಸಿಕೊಂಡರು. ಶಿರಾ ಎಮ್ಮೆಯ ಬಾನಿಗೆ ಹೋಯಿತು. ಎಮ್ಮೆ ಬಾನಿಯ ತಳ ನೆಕ್ಕಿತು. ದೊಡ್ಡತ್ತೆ ಮಜ್ಜಿಗೆಯಲ್ಲಿ ಅರ್ಧ ರೊಟ್ಟಿ ನೆನೆಸಿಕೊಂಡು ತಿಂದರು, ಉಪ್ಪು ಬೇಡವೆಂದರು. ಆಮೇಲೆ ತಮ್ಮ ಎರಡು ಸೀರೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಆರಿದ ಒಲೆಯ ಮುಂದೆ ಕೂತರು. ಭಾವ ಪತ್ರಿಕೆ ಓದುತ್ತಿದ್ದರು, ನೆಗೆಣ್ಣಿ ಹಾಲಿಗೆ ಹೆಪ್ಪು ಹಾಕುತ್ತಿದ್ದಳು. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನಾನು.