ಕಂಬಳಿಯೊಳಗಿನ ಸೂರ್ಯ

ಹೊಸ ಕಂಬಳಿಗೆ ಅದರದೇ ಒಂದು ವಾಸನೆ ಇರುತ್ತದೆ. ಕುರಿಯ ಉಣ್ಣೆಯ ಜಿಡ್ಡಿನ ವಾಸನೆಗೆ ಹುಣಸೆಬೀಜದ ಗಂಜಿಯ ಹುಳಿ ಬೆರೆತು, ಬಿಸಿಲು ತಾಕಿದಾಗ ಇನ್ನಷ್ಟು ದಟ್ಟವಾಗುವ ವಾಸನೆ. ಮೊನ್ನೆ ಸಹೋದ್ಯೋಗಿಯೊಬ್ಬರ ಮನೆಯ ಮದುವೆಯಲ್ಲಿ ಗದ್ದುಗೆಗೆ ಹಾಸಿದ್ದ ಕರಿ ಕಂಬಳಿಯ ಪಕ್ಕ ಕುಳಿತಿದ್ದೆ. ಹಂದರದ ಸಂದಿನಿಂದ ಬಿಸಿಲು ಅದರ ಮೇಲೆ ಬಿದ್ದದ್ದೇ ತಡ, ಕೊಟ್ಟೂರಿನ ನಮ್ಮ ಮನೆಯ ಅಂಗಳ ಕಣ್ಣೆದುರು ಬಂತು. ಮಾಳಿಗೆಯ ಮನೆ, ಅಂಗಳದ ಮೂಲೆಯಲ್ಲಿ ನೀರಿನ ತೊಟ್ಟಿ, ಅದರ ಪಕ್ಕ ಮುಕ್ಕಾಲಿಯ ಮೇಲೆ ಕಟ್ಟಿದ ದುರ್ಬೀನು, ಮತ್ತು ಆ ದುರ್ಬೀನಿನ ಹಿಂದೆ ಕಂಬಳಿ ಹೊದ್ದು ಗುಡ್ಡದಂತೆ ಕುಳಿತ ನನ್ನ ದೊಡ್ಡಪ್ಪ. ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದಿರಬಹುದು. ಊರಿಗೆ ಯಾವ ಉಪಯೋಗಕ್ಕೂ ಬಾರದ ಒಂದು ಕೆಲಸವನ್ನು ದಿನವೂ ಶ್ರದ್ಧೆಯಿಂದ ಮಾಡುತ್ತಿದ್ದವರು.

ದೊಡ್ಡಪ್ಪನಿಗೆ ಬಟ್ಟೆ ಅಂಗಡಿ ಇತ್ತು. ಅಂಗಡಿ ತೆರೆಯುವ ಮೊದಲು, ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ, ಅವನು ಸೂರ್ಯನನ್ನು ನೋಡುತ್ತಿದ್ದ. ಕಣ್ಣಿಟ್ಟು ಅಲ್ಲ. ದುರ್ಬೀನಿನ ಎರಡು ನಳಿಗೆಗಳಲ್ಲಿ ಒಂದರ ಗಾಜಿಗೆ ಬೂಷ್ಟು ಹಿಡಿದಿತ್ತು. ಅದಕ್ಕೆ ಬಟ್ಟೆ ತುರುಕಿ, ಇನ್ನೊಂದನ್ನು ಸೂರ್ಯನಿಗೆ ತಿರುಗಿಸಿ, ಹಿಂದೆ ಹಿಡಿದ ಹಾಳೆಯ ಮೇಲೆ ಬೆಳಕಿನ ಬಿಲ್ಲೆಯನ್ನು ಬೀಳಿಸುತ್ತಿದ್ದ. ಕಂಬಳಿ ಕತ್ತಲೆಗಾಗಿ. ಆ ಕತ್ತಲೆಯಲ್ಲಿ ತಟ್ಟೆಯಷ್ಟಗಲದ ಸೂರ್ಯ ಮೆಲ್ಲಗೆ ನಡುಗುತ್ತಿದ್ದ, ಅವನ ಮೈಮೇಲೆ ಸಾಸಿವೆ ಸಿಡಿದಂತೆ ಕರಿ ಕಲೆಗಳು. ಇಸವಿ ಎರಡು ಸಾವಿರದ ಆಸುಪಾಸು. ಸೂರ್ಯನಲ್ಲಿ ಕಲೆಗಳು ಹೆಚ್ಚಿದ್ದ ಕಾಲ. ಡ್ರಾಯಿಂಗ್ ಪುಸ್ತಕದಲ್ಲಿ ಡಬ್ಬಿಯ ಮುಚ್ಚಳವಿಟ್ಟು ಮೊದಲೇ ಎಳೆದಿಟ್ಟ ದುಂಡಿನೊಳಗೆ ಆ ಕಲೆಗಳನ್ನು ಪೆನ್ಸಿಲಿನಿಂದ ಗುರುತಿಸಿ, ಕೆಳಗೆ ಹೊತ್ತು, ಗಾಳಿ, ಮೋಡ ಬರೆಯುತ್ತಿದ್ದ. ಮುಸುಕಿದ ದಿನ ದುಂಡು ಖಾಲಿ ಬಿಟ್ಟು ‘ಮೋಡ. ಕಾಣಲಿಲ್ಲ’ ಎಂದು ಬರೆದು ಸಹಿ ಹಾಕುತ್ತಿದ್ದ. ನಾನು ಮುಂದೆ ಪತ್ರಿಕೆಯ ಕೆಲಸದಲ್ಲಿ ಕಲಿತದ್ದರಲ್ಲಿ ಬಹುಪಾಲು ಆ ಎರಡು ಪದಗಳಲ್ಲೇ ಇತ್ತು.

ಓಣಿಗೆ ಇದು ತಮಾಷೆ. ಹಾಲು ಹಾಕುವ ಕೊಟ್ರವ್ವ ಬಾಗಿಲಲ್ಲಿ ನಿಂತು, ‘ಸಾವ್ಕಾರ್ರು ಮನ್ಯಾಗದಾರೇನ್ರಿ, ಕಂಬಳ್ಯಾಗದಾರೇನ್ರಿ?’ ಎಂದು ಕೂಗುವಳು. ‘ಮನ್ಯಾಗಿನ ಬಂಗಾರ ಎಷ್ಟೈತಿ ಅಂತ ಎಣಿಸವಲ್ಲ, ಸೂರ್ಯಪ್ಪನ ಮೈಮ್ಯಾಗಿನ ಮಚ್ಚಿ ಎಣಿಸ್ತಾನ ನೋಡು,’ ಎಂದು ಅಜ್ಜಿ ನಗುವಳು. ಆದರೆ ಅವನು ಬೆವೆತು ಕಂಬಳಿಯಿಂದ ತಲೆ ಹೊರಗೆ ಹಾಕಿದ ಕೂಡಲೇ ದೊಡ್ಡವ್ವ ಚಹಾದ ಲೋಟ ಕೊಟ್ಟು, ‘ಇವತ್ತೆಷ್ಟ್ರಿ?’ ಎಂದು ಕೇಳುತ್ತಿದ್ದಳು. ‘ಏಳು. ನಿನ್ನಿದು ಒಂದು ಮರಿ ಹಾಕೇತಿ,’ ಎನ್ನುತ್ತಿದ್ದ ದೊಡ್ಡಪ್ಪ. ಆಮೇಲೆ ನನ್ನ ಅಪ್ಪ, ಅಜ್ಜಿ, ಕೊನೆಗೆ ಹಾಲಿನ ಕೊಟ್ರವ್ವ ಕೂಡ ಕೇಳುವರು. ಕಲೆ ಎಂದರೇನು ಎಂದು ಅವರಲ್ಲಿ ಯಾರಿಗೂ ತಿಳಿದಿರಲಿಲ್ಲ. ಎಷ್ಟು ಎಂದು ಮಾತ್ರ ಎಲ್ಲರಿಗೂ ಬೇಕಿತ್ತು. ಎಣಿಕೆ ಗೊತ್ತಾಗದೆ ಆ ಮನೆಯಲ್ಲಿ ಬೆಳಗು ಪೂರ್ತಿಯಾಗುತ್ತಿರಲಿಲ್ಲ.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಏರ್ಪಟ್ಟಿತು. ಹೆಡ್‌ಮಾಸ್ತರರೇ ಅಂಗಡಿಗೆ ಬಂದು ದೊಡ್ಡಪ್ಪನನ್ನು ಕರೆದರು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಎರಡು ವರ್ಷದ ಚಿತ್ರಗಳಲ್ಲಿ ಒಳ್ಳೆಯವನ್ನು ಆರಿಸಿ, ಪುಸ್ತಕದಿಂದ ಬಿಡಿಸಿ, ಹಗ್ಗಕ್ಕೆ ಸಾಲಾಗಿ ನೇತುಹಾಕಿದ. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದ: ‘ಸೂರ್ಯನ ಕಲೆಗಳು ಪಶ್ಚಿಮದ ಅಂಚಿನಿಂದ ಪೂರ್ವದ ಅಂಚಿಗೆ ಸಾಗುತ್ತವೆ.’ ನಮ್ಮ ಮನೆಯವರೆಲ್ಲ ಬಂದಿದ್ದರು. ಅಜ್ಜಿಗೆ ಕುರ್ಚಿ ಹಾಕಿದ್ದರು. ಅತಿಥಿಯಾಗಿ ಬಂದಿದ್ದ ಕಾಲೇಜು ಉಪನ್ಯಾಸಕರು ಚಿತ್ರಗಳ ಮುಂದೆ ಬಹಳ ಹೊತ್ತು ನಿಂತರು. ಕೆಟ್ಟ ಮನುಷ್ಯರಲ್ಲ, ಮೆಚ್ಚುಗೆಯಿಂದಲೇ ನೋಡಿದರು. ಆಮೇಲೆ, ‘ಕೆಲಸ ಭಾಳ ಚಲೋ ಐತ್ರಿ ಯಜಮಾನ್ರ. ಆದ್ರ ದಿಕ್ಕು ಅದಲುಬದಲಾಗ್ಯಾವು. ಕಲೆಗಳು ಪೂರ್ವದಿಂದ ಪಶ್ಚಿಮಕ್ಕ ಹೋಗಬೇಕು. ನಿಮ್ಮ ಸೂರ್ಯ ಹಿಂದಕ್ಕ ತಿರಗಾಕತ್ಯಾನ,’ ಎಂದರು. ಸಭೆ ನಕ್ಕಿತು. ನನ್ನ ಹಿಂದಿದ್ದ ಹುಡುಗ ನನ್ನ ಬೆನ್ನಿಗೆ ತಿವಿದು, ‘ಲೇ, ನಿಮ್ಮ ದೊಡ್ಡಪ್ಪನ ಸೂರ್ಯ ರಿವರ್ಸ್ ಗೇರ್ ಹಾಕ್ಯಾನಲೇ!’ ಎಂದ. ನಗು ಇನ್ನೊಂದು ಸುತ್ತು ಹೋಯಿತು. ದೊಡ್ಡಪ್ಪನೂ ನಕ್ಕ. ನಗುತ್ತಲೇ ಹಗ್ಗದಿಂದ ಹಾಳೆಗಳನ್ನು ಒಂದೊಂದಾಗಿ, ತಾರೀಖಿನ ಕ್ರಮ ತಪ್ಪದಂತೆ ಬಿಡಿಸಿಕೊಂಡ. ನಾನು ಪಕ್ಕದ ಮೇಜಿನ ಮೇಲಿದ್ದ ಜ್ವಾಲಾಮುಖಿಯ ಮಾದರಿಯನ್ನು ನೋಡುತ್ತ ನಿಂತೆ. ಅಪ್ಪ ಅಜ್ಜಿಯ ಕುರ್ಚಿಯನ್ನು ಸರಿಪಡಿಸಿದ. ದೊಡ್ಡವ್ವ ಸೆರಗು ಹೊದ್ದುಕೊಂಡಳು. ಅವನ ಮುಖವನ್ನು ನಮ್ಮಲ್ಲಿ ಯಾರೂ ನೋಡಲಿಲ್ಲ.

ಆ ಸಂಜೆ ಅಪ್ಪ ನಮ್ಮನ್ನೆಲ್ಲ ಅಡುಗೆಮನೆಯಲ್ಲಿ ಕೂಡಿಸಿ, ‘ಯಾರೂ ಏನೂ ಕೇಳಬ್ಯಾಡ್ರಿ. ಮದ್ಲೇ ನೊಂದ್ಕಂಡಾನ,’ ಎಂದ. ಮರುದಿನ ಬೆಳಿಗ್ಗೆ ದೊಡ್ಡಪ್ಪ ಎಂದಿನಂತೆ ಕಂಬಳಿ ಹೊದ್ದು ಕುಳಿತ. ಹೊರಗೆ ಬಂದಾಗ ದೊಡ್ಡವ್ವ ಚಹಾ ಕೊಟ್ಟು, ‘ಉಪ್ಪಿಟ್ಟು ಮಾಡ್ಲೇನ್ರಿ?’ ಎಂದಳು. ಅವನು ಲೋಟ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತ. ಅಜ್ಜಿ ಬತ್ತಿ ಹೊಸೆಯುತ್ತಿದ್ದಳು. ಅಪ್ಪ ಪೇಪರು ಓದುತ್ತಿದ್ದ. ಹಾಲಿನ ಕೊಟ್ರವ್ವನಿಗೂ ಯಾರೋ ಹೇಳಿದ್ದರು. ಅವಳು ಹಾಲು ಅಳೆದು ಸುಮ್ಮನೆ ಹೋದಳು. ಕೆಲವು ದಿನ ಹೀಗೇ ನಡೆಯಿತು. ಆಮೇಲೊಂದು ಬೆಳಿಗ್ಗೆ ಕಂಬಳಿ ಗೂಟದಿಂದ ಇಳಿಯಲಿಲ್ಲ, ಅವನು ನೇರ ಅಂಗಡಿಗೆ ಹೋದ. ಅವಮಾನಕ್ಕೆ ಬಿಟ್ಟನೆಂದು ನಾವು ತಿಳಿದೆವು. ಅವನ ಗಾಯ ಕೆದಕದೆ ಮರ್ಯಾದೆ ಉಳಿಸಿದೆವೆಂದೂ ತಿಳಿದೆವು.

ನಾನು ಪತ್ರಿಕೆ ಸೇರಿದ ಹೊಸತರಲ್ಲಿ ಒಂದು ಫೋಟೊ ಎಡ-ಬಲ ತಿರುವುಮುರುವಾಗಿ ಅಚ್ಚಾಯಿತು. ನನ್ನದೇ ಪುಟ. ಹೆದರಿ ನಿಂತಿದ್ದೆ. ಮುಖ್ಯ ಉಪಸಂಪಾದಕರು ತಲೆ ಎತ್ತದೆ, ‘ನಾಳೆ ತಿದ್ದುಪಡಿ ಹಾಕು. ಈಗ ಇವತ್ತಿನ ಪುಟ ನೋಡು,’ ಎಂದರು. ಮರುದಿನ ಎರಡು ಸಾಲು ಅಚ್ಚಾಯಿತು, ಅಲ್ಲಿಗೆ ಮುಗಿಯಿತು. ಅಂದು ನನಗೆ ದೊಡ್ಡಪ್ಪನ ಚಿತ್ರಗಳು ನೆನಪಾದವು. ದುರ್ಬೀನಿನಿಂದ ಹಾಳೆಯ ಮೇಲೆ ಬೀಳುವ ಸೂರ್ಯ ಕನ್ನಡಿಯ ಅಕ್ಷರದಂತೆ ತಿರುವುಮುರುವಾಗಿರುತ್ತಾನೆ. ದೊಡ್ಡಪ್ಪ ವಿಜ್ಞಾನದ ಪುಸ್ತಕದ ಚಿತ್ರ ನೋಡಿ ಎಡಕ್ಕೆ ಪೂರ್ವ, ಬಲಕ್ಕೆ ಪಶ್ಚಿಮ ಎಂದು ಗುರುತು ಹಾಕಿದ್ದ. ನೋಟ ತಪ್ಪಿರಲಿಲ್ಲ, ಗುರುತು ತಪ್ಪಿತ್ತು.

ರಜೆ ಸಿಕ್ಕ ಕೂಡಲೇ ಊರಿಗೆ ಹೋದೆ. ದೊಡ್ಡಪ್ಪ ಅಂಗಡಿ ಬಿಟ್ಟು ಕಟ್ಟೆಯ ಮೇಲೆ ಕೂರುವಂತಾಗಿದ್ದ. ‘ದೊಡ್ಡಪ್ಪ, ನಿನ್ನ ಚಿತ್ರ ತಪ್ಪಲ್ಲ. ಹಾಳಿ ತಿರುವಿ ಹಿಂದಿನಿಂದ ಬೆಳಕಿಗೆ ಹಿಡದ್ರ ಕಲೆ ಎಲ್ಲಾ ಸರಿ ಅದಾವು,’ ಎಂದೆ, ಸುದ್ದಿ ತಂದವನ ಉತ್ಸಾಹದಲ್ಲಿ.

‘ಗೊತ್ತೈತಪ. ಅವತ್ತ ಸಂಜೀಕೇ ಗೊತ್ತಾತು. ಎರಡು ಗುರ್ತು ಅದಲುಬದಲು ಮಾಡಿದ್ರ ಮುಗೀತು.’

‘ಮತ್ತ್ಯಾಕ ಬಿಟ್ಟಿ?’

ಅವನು ಅಡುಗೆಮನೆಯ ಕಡೆ ನೋಡಿದ. ಒಳಗೆ ದೊಡ್ಡವ್ವ ಪಾತ್ರೆ ತೊಳೆಯುತ್ತಿದ್ದಳು. ದನಿ ತಗ್ಗಿಸಿ ಹೇಳಿದ: ‘ಮರುದಿನ ಸರಿ ಮಾಡೇ ಬರದೆ. ಹೊರಗ ಬಂದ್ರ ನೀವ್ಯಾರೂ ಎಷ್ಟು ಅಂತ ಕೇಳ್ಲಿಲ್ಲ. ನನಗ ನಾಚಿಕಿ ಆಗಿದ್ದು ಅವತ್ತೊಂದು ದಿನ. ನಿಮಗ ಹೋಗ್ಲೇ ಇಲ್ಲ.’ ಆಮೇಲೆ, ‘ಅಕಿಗೆ ಹೇಳಬ್ಯಾಡ,’ ಎಂದ. ನಾನು ಹೇಳಲಿಲ್ಲ. ದೊಡ್ಡವ್ವ ತೀರಿಕೊಳ್ಳುವವರೆಗೂ, ಅಂದು ತಾವು ಕೇಳದೆ ಇದ್ದದ್ದೇ ಒಳ್ಳೆಯದಾಯಿತು ಎಂದುಕೊಂಡಿದ್ದಳು.

ಈಗ ಅವರು ಯಾರೂ ಇಲ್ಲ. ಮಾಳಿಗೆ ಇಳಿಸಿ, ಜಾಗ ಮಾರಿ, ಅಲ್ಲಿ ಮಳಿಗೆಗಳು ಎದ್ದಿವೆ. ದೊಡ್ಡಪ್ಪನ ಕೊನೆಯ ಡ್ರಾಯಿಂಗ್ ಪುಸ್ತಕ ನನ್ನ ಬಳಿ ಇದೆ. ಪ್ರದರ್ಶನದ ಮರುದಿನದ ಹಾಳೆಯಲ್ಲಿ ಪೂರ್ವ, ಪಶ್ಚಿಮಗಳು ಜಾಗ ಬದಲಿಸಿಕೊಂಡಿವೆ. ಹಿಂದಿನದನ್ನು ಹೊಡೆದು ಹಾಕಿಲ್ಲ, ವಿವರಣೆ ಕೊಟ್ಟಿಲ್ಲ. ಅಕ್ಷರಗಳು ಎಂದಿನಷ್ಟೇ ದುಂಡಗಿವೆ. ಕೆಲವು ಹಾಳೆಗಳ ನಂತರ ಬರಿಯ ದುಂಡುಗಳು: ಮುಂದಿನ ದಿನಗಳಿಗೆಂದು ಮುಚ್ಚಳವಿಟ್ಟು ಎಳೆದಿಟ್ಟವು, ಕೆಳಗೆ ಮೋಡವೂ ಇಲ್ಲ, ಸಹಿಯೂ ಇಲ್ಲ. ಆ ದಿನಗಳಲ್ಲಿ ಸೂರ್ಯನ ಮೇಲೆ ಎಷ್ಟು ಕಲೆಗಳಿದ್ದವೆಂದು ಲೋಕದ ಬೇರೆ ಕಡೆ ನೋಡಿದವರು ಬರೆದಿಟ್ಟಿದ್ದಾರೆ, ಬೇಕೆಂದವರು ಹುಡುಕಿ ತೆಗೆಯಬಹುದು. ಕೊಟ್ಟೂರಿನ ಆ ಅಂಗಳದಿಂದ ಎಷ್ಟು ಕಾಣುತ್ತಿದ್ದವು ಎಂಬುದು ಮಾತ್ರ ಯಾರಿಗೂ ತಿಳಿಯದು. ನಾವು ಕೇಳಿರಲಿಲ್ಲ.