ಕಪ್ಪತಗುಡ್ಡದ ತನಕದ ಎಣ್ಣೆ

ಎಂಜಿನ್ ಹಿಡಿದುಕೊಂಡು ನಡುದಾರಿಯಲ್ಲಿ ಕೈಕೊಡಬಹುದಿತ್ತು. ಡಂಬಳದ ಆಚೆ, ಒಂದು ಗಿಡದ ನೆರಳೂ ಇಲ್ಲದ ಕಡೆ, ಬಾನೆಟ್ಟಿನಿಂದ ಹೊಗೆ ಏಳಬಹುದಿತ್ತು. ತೆಳು ಎಣ್ಣೆ ಸೋರಿ ರಸ್ತೆಯುದ್ದಕ್ಕೂ ಗೆರೆ ಎಳೆದು, ಅದರ ಮೇಲೆ ಯಾರದೋ ಬೈಕು ಜಾರಬಹುದಿತ್ತು. ದಪ್ಪ ಎಣ್ಣೆಯಾದರೆ ಹೊತ್ತಿಗೆ ಸರಿಯಾಗಿ ಮೇಲೇರದೆ ಲೋಹ ಲೋಹವನ್ನೇ ತಿನ್ನಬಹುದಿತ್ತು. ನೆಲಕ್ಕೆ ಹೊಟ್ಟೆ ಹತ್ತಿಸಿಕೊಂಡಂತಿದ್ದ ಆ ಕಾರು ಮೊದಲ ರೋಡ್ ಹಂಪಿನ ಮೇಲೇ ತೊಟ್ಟಿಲಿನಂತೆ ತೂಗುತ್ತ ನಿಲ್ಲಬಹುದಿತ್ತು. ಇದನ್ನೆಲ್ಲ ನೋಡಿ, ಪಕ್ಕದಲ್ಲಿ ಕೂತ ಗೆಳೆಯನ ಎದೆ, ಕೆಲ ತಿಂಗಳ ಹಿಂದೆ ಸೀಳಿ ಹೊಲಿಸಿಕೊಂಡು ಬಂದಿದ್ದು, ತಾನೂ ನಿಲ್ಲಬಹುದಿತ್ತು. ಇಷ್ಟನ್ನೂ ನಾನು ಮುಂಚೆಯೇ ಚಿಂತಿಸಿ ಮುಗಿಸಿದ್ದೆ. ಕಾಲೇಜಿನಲ್ಲಿ ಇತಿಹಾಸ ಹೇಳುವುದು ನನ್ನ ಸಂಬಳದ ಕೆಲಸ. ಚಿಂತೆ ಮಾಡುವುದು ಮನಸ್ಸಿಟ್ಟು ಮಾಡುವ ಕೆಲಸ.

ಗೆಳೆಯನಿಗೆ ಬೆಟಗೇರಿಯಲ್ಲಿ ಶೇಂಗಾ ಎಣ್ಣೆಯ ಗಿರಣಿ. ಶಾಲೆಗೆ ಹೋಗುವಾಗ ಅವನು ಕಪಾಟಿನ ಬಾಗಿಲ ಒಳಬದಿಗೆ ಒಂದು ಸ್ಪೋರ್ಟ್ಸ್ ಕಾರಿನ ಚಿತ್ರ ಅಂಟಿಸಿಕೊಂಡಿದ್ದ. ತಲೆ ನರೆತ ಮೇಲೆ ಅಂಥದೇ ಒಂದನ್ನು, ಅರಿಶಿನ ಬಣ್ಣದ್ದು, ಎರಡೇ ಸೀಟಿನದು, ಯಾರೋ ಓಡಿಸಿ ಬಿಟ್ಟಿದ್ದನ್ನು ಕೊಂಡು ತಂದ. ತಂದ ಸ್ವಲ್ಪ ದಿನಕ್ಕೇ ಎದೆನೋವು ಬಂತು, ಆಪರೇಷನ್ ಆಯಿತು. ಕಾರು ಗಿರಣಿಯ ಗೋದಾಮಿನಲ್ಲಿ ಶೇಂಗಾ ಚೀಲಗಳ ನಡುವೆ ತಿಂಗಳುಗಟ್ಟಲೆ ಮಲಗಿತು. ಸದ್ಯ ಸ್ಟೀರಿಂಗ್ ಮುಟ್ಟಬೇಡ ಎಂದು ಡಾಕ್ಟರು ಹೇಳಿದ್ದರು. ಪಕ್ಕದಲ್ಲಿ ಕೂರಬೇಡ ಎಂದು ಹೇಳಿರಲಿಲ್ಲ. ಅವನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ.

"ಒಮ್ಮಿ ಕಪ್ಪತಗುಡ್ಡದ ತನಕ ಹೊಡಿಲೇ ಮಾಸ್ತರ," ಅಂದ. "ದವಾಖಾನ್ಯಾಗ ಮಲಗಿದಾಗ ಒಂದ ನೆನಪಾಗ್ತಿತ್ತು. ಈ ಗಾಡಿ ದನಿ ನಾ ಇನ್ನೂ ಪೂರಾ ಕೇಳೇ ಇಲ್ಲ."

ಅಷ್ಟು ದಿನ ನಿಂತ ಗಾಡಿಗೆ ಎಣ್ಣೆ ಬದಲಿಸಲೇಬೇಕು. ಯಾವುದು ಎಂದು ನೋಡುವ ಕೆಲಸ ನನಗೆ ಬಂತು. ತನಗೆ ತಿನ್ನುವ ಎಣ್ಣೆಯಷ್ಟೇ ಗೊತ್ತು ಎಂದು ಅವನು ಕೈತೊಳೆದುಕೊಂಡ. ಗ್ಯಾರೇಜಿನವರು ನಮ್ಮ ಬಿಸಿಲಿಗೆ ದಪ್ಪನೆಯದೇ ಸರಿ ಎಂದರು. ಕಾರಿನ ಜೊತೆ ಬಂದ ಪುಸ್ತಕ ಮಾತ್ರ ಪೂರ್ತಿ ಸಿಂಥೆಟಿಕ್ ಎಣ್ಣೆಯನ್ನೇ, ಅದರಲ್ಲೂ ಸೊನ್ನೆ ಡಬ್ಲ್ಯೂ ನಲವತ್ತನ್ನೇ ಕೇಳುತ್ತಿತ್ತು. ಮೊದಲ ಅಂಕಿ ಎಣ್ಣೆ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕಂತೆ, ಎರಡನೆಯದು ಕಾದ ಮೇಲೆ ಎಷ್ಟು ದಪ್ಪ ಉಳಿಯುತ್ತದೆ ಎಂಬುದಕ್ಕಂತೆ. ಗದಗಿನಲ್ಲಿ ಸೊನ್ನೆಯ ಚಳಿ ಎಲ್ಲಿಂದ ತರುವುದು? ಮೊಬೈಲಿನಲ್ಲಿ ಹಿಮದ ನಾಡಿನವರೂ ಮರಳುಗಾಡಿನವರೂ ಇದೇ ವಿಷಯಕ್ಕೆ ಜಗಳಾಡುತ್ತಿದ್ದರು. ಓದುತ್ತ ಓದುತ್ತ ಮಧ್ಯಾಹ್ನ ಕಣ್ಣು ಹತ್ತಿ ಕನಸು ಬೀಳುತ್ತಿತ್ತು. ಹೊಂಬಳದ ಹತ್ತಿ ಹೊಲಗಳ ಮೇಲೆ ಹಿಮ ಬೀಳುತ್ತಿತ್ತು, ಅಥವಾ ಹತ್ತಿಯೇ ಒಡೆದು ಹಾರುತ್ತಿತ್ತು, ಅದರ ನಡುವೆ ಅರಿಶಿನದ ಕಾರು ಸದ್ದಿಲ್ಲದೆ ತೇಲುತ್ತಿತ್ತು. ಎಚ್ಚರಾದಾಗ ಮತ್ತೆ ಅದೇ ಸೊನ್ನೆ.

ಕೊನೆಗೆ ಪುಸ್ತಕದ ಮಾತನ್ನೇ ನಂಬಿ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತರಿಸಿದೆ. ಗಿರಣಿಯವರ ಪದ್ಧತಿಯಂತೆ ಗೆಳೆಯ ನಾಲ್ಕು ಹನಿಯನ್ನು ಅಂಗೈಗೆ ಹಾಕಿಕೊಂಡು, ಹೆಬ್ಬೆರಳಿನಿಂದ ತಿಕ್ಕಿ, ಮೂಗಿಗೆ ಹಿಡಿದ.

"ಬಣ್ಣ ನಮ್ಮದರಂಗ ಐತಿ. ಘಮಾ ಇಲ್ಲ," ಅಂದ. ಮತ್ತೆ ತಿಕ್ಕಿದ. "ಭಾಳ ತೆಳ್ಳಗೈತಲೇ."

ನನ್ನ ಜೀವ ಹಾರಿತು. ಅವನು ಅಂಗೈ ಒರೆಸಿಕೊಂಡ.

"ನನಗೂ ರಕ್ತ ತೆಳ್ಳಗಾಗೂ ಗುಳಿಗಿ ಕೊಟ್ಟಾರ. ಇಬ್ಬರೂ ತಿಂಗಳಾನಗಟ್ಟಲೆ ಮಲಗಿ ಎದ್ದವರು. ಅದಕ್ಕೂ ತೆಳ್ಳಂದ ಇರ್ಲಿ."

ಎಣ್ಣೆ ಹಾಕಿದ ಮೇಲೆ ಡಬ್ಬಿಯಲ್ಲಿ ಒಂದಿಷ್ಟು ಉಳಿಯಿತು. ದಾರಿಯಲ್ಲಿ ಕಡಿಮೆಯಾದರೆ ಎಂಬ ಚಿಂತೆಗೆ ಸ್ವಲ್ಪವನ್ನು ಬಾಟಲಿಯಲ್ಲಿ ಜೊತೆಗಿಟ್ಟುಕೊಂಡೆ. ಮಿಕ್ಕಿದ್ದನ್ನು ಮನೆಗೆ ತಂದೆ. ಡಬ್ಬಿಯ ಮುಚ್ಚಳ ಸೀಳಿತ್ತು, ಒಳಗೆ ಧೂಳು ಬಿದ್ದೀತೆಂದು ಅವನದೇ ಗಿರಣಿಯ ಖಾಲಿ ಕ್ಯಾನೊಂದನ್ನು ತೊಳೆದು ಒಣಗಿಸಿ ಅದಕ್ಕೆ ಸುರಿದೆ. ತಂಪಾದ, ಕತ್ತಲಿನ ಜಾಗದಲ್ಲಿಡಿ ಎಂದು ಡಬ್ಬಿಯ ಮೇಲೆ ಬರೆದಿತ್ತು. ನಮ್ಮ ಮನೆಯಲ್ಲಿ ಅಂಥ ಜಾಗ ದೇವರ ಕೋಣೆಯೊಂದೇ. ಮೇಲೊಂದು ಚೀಟಿ ಅಂಟಿಸಬೇಕೆಂದುಕೊಂಡೆ. ಅಷ್ಟರಲ್ಲಿ ಟೈರಿನ ಗಾಳಿಯ ಚಿಂತೆ ಬಂತು.

ಮರುದಿನ ಬೆಳಿಗ್ಗೆ ಹೊರಟೆವು. ಕಾರು ಮೊದಲು ಕೆಮ್ಮಿತು, ಆಮೇಲೆ ಗಂಟಲು ಸರಿಮಾಡಿಕೊಂಡಿತು. ಹಂಪು ಬಂದಾಗಲೆಲ್ಲ ಅಡ್ಡಡ್ಡ ಹತ್ತಿಸಿ ಇಳಿಸಿದೆ. ಊರು ದಾಟಿದ ಮೇಲೆ ಮುಂಡರಗಿ ರಸ್ತೆ ಖಾಲಿಯಾಗುತ್ತ ಹೋಯಿತು. ಕಪ್ಪು ಹೊಲಗಳು, ಸೂರ್ಯಕಾಂತಿಯ ಒಂದು ತುಂಡು ಹಳದಿ, ಡಂಬಳದ ಕೆರೆಯ ಮೇಲೆ ಆಕಾಶ ಮಲಗಿಕೊಂಡಂಥ ಬೆಳಕು. ದೂರದಲ್ಲಿ ಕಪ್ಪತಗುಡ್ಡ ನೀಲಿಯಾಗಿತ್ತು; ಅದರ ಬೆನ್ನ ಮೇಲಿನ ಗಾಳಿಯಂತ್ರಗಳು ನಿದ್ದೆಯಲ್ಲಿ ಕೈ ಬೀಸುವವರ ಹಾಗೆ ಮೆಲ್ಲಗೆ ತಿರುಗುತ್ತಿದ್ದವು. ನನ್ನ ಕಣ್ಣು ಎಣ್ಣೆಯ ದೀಪ ಹೊತ್ತೀತೇ ಎಂದು ಮೀಟರಿನ ಮೇಲೇ ಇತ್ತು.

"ಅಲ್ಲಿ ನೋಡೂದು ಸಾಕು," ಅಂದ ಗೆಳೆಯ. "ಒಮ್ಮಿ ಒತ್ತು."

ಒತ್ತಿದೆ. ಸದ್ದು ಬೆನ್ನ ಹಿಂದಿನಿಂದ ಎದ್ದು, ದಪ್ಪಗಾಗಿ, ಆಮೇಲೆ ಒಂದೇ ಎಳೆಯಾಗಿ ಮೇಲೇರಿತು. ಹೊಲ, ಕೆರೆ, ಗುಡ್ಡ ಎಲ್ಲ ಆ ಎಳೆಗೆ ಪೋಣಿಸಿದಂತೆ ನಮ್ಮೆಡೆಗೆ ಬಂದವು. ಅವನು ಕಣ್ಣು ಮುಚ್ಚಿಕೊಂಡು, ಅಂಗಿಯ ಮೇಲಿಂದ ಹೊಲಿಗೆಯ ಗುರುತಿನ ಮೇಲೆ ಕೈಯಿಟ್ಟು ಕೇಳುತ್ತಿದ್ದ. ಗುಡ್ಡದ ಬುಡದಲ್ಲಿ ಎಂಜಿನ್ ಆರಿಸಿದ ಮೇಲೂ ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ನಾನು ಹೆದರಿ ಭುಜ ಅಲುಗಾಡಿಸಿದೆ.

"ಕೇಳಿಸ್ತು," ಅಂದ, ಅಷ್ಟೇ.

ಚಹಾ ಕುಡಿದು ಹೋಗಲೆಂದು ಮನೆಗೆ ಕರೆತಂದೆ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು, ಕಣ್ಣು ಕೆಂಪಾಗಿದ್ದವು. ನಾವು ಸುಖವಾಗಿ ಬರಲೆಂದು ಹೊರಟ ಗಳಿಗೆಯಿಂದ ದೀಪ ಹಚ್ಚಿಟ್ಟು ಕಾದಿದ್ದಳಂತೆ.

"ಹಚ್ಚಿದಾಗಿಂದ ಕರ್ರನ ಹೊಗಿ ಬಿಡಾಕತ್ತೈತ್ರಿ," ಅಂದಳು. "ಬತ್ತಿ ಬದಲಿಸಿದೆ, ಮತ್ತೂ ಎಣ್ಣಿ ಹಾಕಿದೆ, ಇನ್ನೂ ಜಾಸ್ತಿ ಆತು. ಏನಾತೋ ಏನೋ ಅಂತ ಜೀವದಾಗ ಜೀವ ಇರಲಿಲ್ಲ."

ಗೆಳೆಯ ದೇವರ ಕೋಣೆಗೆ ಹೋಗಿ ಅಲ್ಲಿದ್ದ ಕ್ಯಾನಿನಿಂದ ಒಂದು ಹನಿ ಅಂಗೈಗೆ ಹಾಕಿಕೊಂಡ. ತಿಕ್ಕಿದ. ಮೂಗಿಗೆ ಹಿಡಿದ. ನನ್ನತ್ತ ತಿರುಗಿದ. ಅವನ ಬೆನ್ನ ಹಿಂದೆ, ದೇವರ ಬೆಳ್ಳಿಯ ಮುಖಕ್ಕೆ ಗದ್ದದಿಂದ ಹಣೆಯ ತನಕ ಮಸಿ ಹತ್ತಿತ್ತು.