ಬಾಕ್ಸರ್ ಮಾಲತೇಶನ ಬಲಗೈ

ಮಗುವನ್ನು ಗಂಡನ ಕೈಗೆ ಕೊಡುವಾಗಲೆಲ್ಲ ಸೌಜನ್ಯಳಿಗೆ ಒಂದೇ ಚಿಂತೆ: ಅವನ ಬಲಗೈ ಹಿಡಿದೀತೋ, ಬಿಟ್ಟೀತೋ. ಮಂಗಳವಾರ ಬೆಳಿಗ್ಗೆ ತೊಟ್ಟಿಲಿನಿಂದ ಎತ್ತುವಾಗ ಬಿಟ್ಟೇ ಬಿಟ್ಟಿತ್ತು. ಮಾಲತೇಶ ಮೊಣಕಾಲು ಕೊಟ್ಟು ಎಂಟು ತಿಂಗಳ ಕೂಸನ್ನು ತಡೆದಿದ್ದ. ಕೂಸು ಆಟವೆಂದುಕೊಂಡು ನಕ್ಕಿತು. ಅವನು ನಗಲಿಲ್ಲ, ಅವಳೂ ನಗಲಿಲ್ಲ. ಅಂದಿನಿಂದ ಅವಳಿಗೆ ಊಟ ಸೇರದು. ಕಣ್ಣು ಮುಚ್ಚಿದರೆ ಜಾರುವ ಕೂಸೇ ಕಾಣುತ್ತದೆ.

ಆ ಬಲಗೈಯನ್ನು ನೋಡಲೆಂದೇ ಒಂದು ಕಾಲಕ್ಕೆ ಹೊಸಪೇಟೆಯ ಮಂದಿ ಬೀದಿಗೆ ಬಂದಿದ್ದರು. 2003ರಲ್ಲಿ ರಾಷ್ಟ್ರಮಟ್ಟದ ಬೆಳ್ಳಿ ಪದಕ ಗೆದ್ದು ಬಂದಾಗ ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿದ್ದರು. ಕುಸ್ತಿ ಬಿಟ್ಟರೆ ಬೇರೆ ಆಟಕ್ಕೆ ಕಣ್ಣೆತ್ತದ ಸೀಮೆ. ಬಾಕ್ಸಿಂಗ್ ಎಂದರೇನೆಂದು ತಿಳಿಯದ ಮುದುಕರು ಅವನ ತೋಳು ಹಿಚುಕಿ ನೋಡಿ, ‘ಪೈಲ್ವಾನ್ರ, ದಿನಾ ಎಷ್ಟು ಸೇರು ಹಾಲು ಕುಡೀತೀರಿ?’ ಎಂದು ಕೇಳಿದ್ದರು.

ಹಾಲು ಎಲ್ಲಿಯದು? ಅವನು ಬಂಡ್ರಿಯವನು. ತಾಯಿ ಭರಮಮ್ಮ ಇಪ್ಪತ್ತು ವರ್ಷ ಗಣಿಯಲ್ಲಿ ಸುತ್ತಿಗೆ ಹಿಡಿದು ಅದಿರು ಒಡೆದವಳು. ಹನ್ನೆರಡನೆಯ ವಯಸ್ಸಿಗೆ ಸೋದರಮಾವನ ಬೆನ್ನುಹತ್ತಿ ತುಂಗಭದ್ರಾ ಅಣೆಕಟ್ಟೆಯ ಊರು ಟಿ.ಬಿ. ಡ್ಯಾಂಗೆ ಬಂದ. ಅಲ್ಲಿ ಕಾಲುವೆ ಆಫೀಸಿನ ಗುಮಾಸ್ತ ಕೊಟ್ರಯ್ಯ, ಹಿಂದೆ ಮಿಲಿಟರಿಯಲ್ಲಿ ಬಾಕ್ಸಿಂಗ್ ಆಡಿ ಬಂದವರು, ಖಾಲಿ ಬಿದ್ದ ಗೋದಾಮಿನಲ್ಲಿ ಹುಡುಗರಿಗೆ ಕಲಿಸುತ್ತಿದ್ದರು. ಗುದ್ದುವ ಚೀಲಕ್ಕೆ ಕಂಪ್ಲಿಯ ರೈಸ್ ಮಿಲ್ಲಿನಿಂದ ಭತ್ತದ ಹೊಟ್ಟು ತರಿಸಿ, ಹಳೆ ಬಟ್ಟೆಯ ಚೂರು ಬೆರೆಸಿ ತಾವೇ ತುಂಬುವರು. ಹೊಟ್ಟು ಕೆಳಗೆ ಕೂತು ಗಟ್ಟಿಯಾಗುವ ಮೊದಲೇ ಬಿಚ್ಚಿ, ಕೊಡವಿ, ಮತ್ತೆ ತುಂಬುವರು. ಹುಡುಗರ ಕೈಗೆ ಬಟ್ಟೆಪಟ್ಟಿ ಕಟ್ಟುವುದನ್ನೂ ಇನ್ನೊಬ್ಬರಿಗೆ ಬಿಟ್ಟವರಲ್ಲ.

ಪದಕದ ಬೆನ್ನಿಗೇ ಅದಿರಿಗೆ ಬೆಲೆ ಬಂತು. ಸಂಡೂರಿನ ಒಬ್ಬ ಗಣಿ ಧಣಿ ಅವನನ್ನು ಕರೆದು ಮನೆ ಕೊಟ್ಟ. ಆಡುವುದಷ್ಟೇ ನಿನ್ನ ಕೆಲಸ, ಮಿಕ್ಕಿದ್ದು ನನಗಿರಲಿ ಎಂದ. ಗೋದಾಮು ದೂರವಾಯಿತು. ಸೌಜನ್ಯ ಅವನ ಕೈಹಿಡಿದದ್ದು ಆಗಲೇ. ಹೊಸಪೇಟೆಯ ಬಟ್ಟೆ ಅಂಗಡಿಯವರ ಮಗಳು, ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದಿ ಅದಿರು ಪರೀಕ್ಷಿಸುವ ಲ್ಯಾಬಿಗೆ ಸೇರಿದ್ದಳು.

ಮದುವೆಯಾದ ಎರಡನೆಯ ತಿಂಗಳು ಮಾಲತೇಶ ಹಿತ್ತಲಿಗೆ ಹೊಸ ಚೀಲ ತಂದ. ಹೊಟ್ಟಿಗಾಗಿ ಕಂಪ್ಲಿಗೆ ಯಾರು ಹೋಗಬೇಕು? ಬಾಗಿಲಲ್ಲೇ ಲಾರಿಯಿಂದ ಚೆಲ್ಲಿದ ಅದಿರಿನ ಪುಡಿ ರಾಶಿ ಬಿದ್ದಿತ್ತು. ಅವನು ಬುಟ್ಟಿಯಲ್ಲಿ ಸುರಿದ, ಅವಳು ಚೀಲದ ಬಾಯಿ ಅಗಲಿಸಿ ಹಿಡಿದಳು. ಮರಳಿಗಿಂತ ಅದಿರು ಎಷ್ಟು ಭಾರ ಎಂಬುದನ್ನು ದಿನವೂ ಅಳೆಯುವವಳು ಅವಳೇ. ಹೊಸ ಗಂಡನ ಜೊತೆ ನಗುತ್ತ ನಿಂತವಳಿಗೆ ಅದು ಹೊಳೆಯಲಿಲ್ಲ. ನಾಲ್ಕು ಮಂದಿ ಸೇರಿ ಎತ್ತಿ ಕಟ್ಟಿದಾಗ ಹುಣಸೆಮರದ ಕೊಂಬೆ ಬಾಗಿತು. ಭರಮಮ್ಮ ಮಾತ್ರ ಚೀಲವನ್ನೊಮ್ಮೆ ಅಂಗೈಯಿಂದ ನೂಕಿ ನೋಡಿ, ‘ಲೇ ತಮ್ಮಾ, ಇದನ್ನ ನಾನು ಸುತ್ತಿಗಿಯಿಂದ ಹೊಡೀತಿದ್ದೆ. ನೀ ಕೈಯಿಂದ ಹೊಡೀತಿಯೇನು?’ ಎಂದಳು. ಇಬ್ಬರೂ ನಕ್ಕುಬಿಟ್ಟರು.

ಎರಡು ಮಳೆಗೆ ಚೀಲದೊಳಗಿನ ಪುಡಿ ಬಂಡೆಯಾಯಿತು. ಒಂದು ಬೆಳಿಗ್ಗೆ ಕಿರುಬೆರಳಿನ ಬುಡದಲ್ಲಿ ಚಟಕ್ಕೆಂದಿತು. ಬಾವು ಇಳಿಯಲೆಂದು ಅರಿಶಿನ ಹಚ್ಚಿಸಿಕೊಂಡ, ಯಾರಿಗೂ ಹೇಳಬೇಡ ಎಂದು ಅವಳಿಂದ ಆಣೆ ಮಾಡಿಸಿಕೊಂಡ. ಹದಿನೈದು ದಿನಕ್ಕೆ ಬೆಂಗಳೂರಿನಲ್ಲಿ ಪಂದ್ಯ. ಪಟ್ಟಿ ಕಟ್ಟಲು ಕೊಟ್ರಯ್ಯ ಡ್ಯಾಂನಿಂದ ಬಂದಿದ್ದರು. ನೋವೇನಾದರೂ ಇದೆಯೇನೋ ಎಂದು ಕೇಳಿದ್ದರು. ಇಲ್ಲ ಎಂದಿದ್ದ. ಎರಡನೆಯ ಸುತ್ತಿನಲ್ಲಿ ಕೈ ಮುರಿಯಿತು. ಪತ್ರಿಕೆಯವರು ಸುತ್ತುವರಿದಾಗ ಮಾಲತೇಶ, ಮಾಸ್ತರರು ಪಟ್ಟಿ ಸರಿಯಾಗಿ ಕಟ್ಟಲಿಲ್ಲ ಎಂದುಬಿಟ್ಟ.

ಕೊಟ್ರಯ್ಯ ಎದುರಾಡಲಿಲ್ಲ. ಆದರೆ ಡ್ಯಾಂನ ತಾಯಿ ತಂದೆಯರು ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದರು. ಗೋದಾಮಿಗೆ ಬೀಗ ಬಿತ್ತು. ಇತ್ತ ಮಾಲತೇಶ ಎಡಗೈಯೊಂದರಿಂದಲೇ ಒಂದು ವರ್ಷ ಆಡಿದ, ಸೋತ, ಕುಡಿದ. ಸೋಲಿನ ಸಿಟ್ಟಿಗೆ ರೆಫರಿಯ ದವಡೆಗೇ ಒಂದು ಕೊಟ್ಟು ಎರಡು ವರ್ಷ ಆಟದಿಂದ ಹೊರಬಿದ್ದ. ಕೂಸು ಹುಟ್ಟಿದ ಮೇಲೆ ಕುಡಿತ ಬಿಟ್ಟ. ಈಗ ಧಣಿಯ ಜೀಪಿನ ಮುಂದಿನ ಸೀಟಿನಲ್ಲಿ ಕೂರುವುದೇ ಅವನ ಕೆಲಸ. ಬಲಗೈ ತೊಡೆಯ ಮೇಲೆ ಇಟ್ಟುಕೊಂಡಿದ್ದರೆ ಸಾಕು, ನೋಡಿದವರು ದಾರಿ ಬಿಡುತ್ತಾರೆ.

ಈಗ ಧಣಿಗೆ ಹುಕಿ ಬಂದಿದೆ. ಬರುವ ಆದಿತ್ಯವಾರ ಸಂಡೂರಿನ ಮೈದಾನದಲ್ಲಿ ಬಾಕ್ಸಿಂಗ್, ಗೆದ್ದವರಿಗೆ ಬೆಳ್ಳಿ ಗದೆ. ಕುಸ್ತಿಯಲ್ಲಿ ಮಾಡುವಂತೆಯೇ ಮಾಲತೇಶನನ್ನೂ ಇನ್ನೊಬ್ಬನನ್ನೂ ಅಕ್ಕಪಕ್ಕ ನಿಲ್ಲಿಸಿ, ಕಣ್ಣಳತೆಯಲ್ಲೇ ಜೋಡಿ ಕಟ್ಟಿದ್ದಾನೆ. ತೂಕವಿಲ್ಲ, ಡಾಕ್ಟರಿಲ್ಲ. ಎದುರಾಳಿ ಹೈದರಾಬಾದಿನ ಇಪ್ಪತ್ಮೂರರ ಹುಡುಗ.

ಗುರುವಾರ ರೊಟ್ಟಿ ಬಡಿಯುತ್ತ ಸೌಜನ್ಯ ಕೇಳಿದಳು. ‘ಆ ಕೈ ಇಟ್ಕೊಂಡು ಹೆಂಗ ಆಡ್ತೀರಿ?’

‘ಮಂದಿ ಬರಾದು ಬಲಗೈ ನೋಡಾಕ. ಎತ್ತಿ ತೋರ್ಸಿದ್ರ ಸಾಕು.’

‘ಆ ಹುಡುಗನೂ ನೋಡ್ಕಂತ ನಿಂದ್ರತಾನೇನು?’

ಅವನು ತಟ್ಟೆ ಸರಿಸಿದ. ‘ಸಾಕಾಗೈತಿ ಸೌಜು,’ ಎಂದ. ‘ಒಲ್ಲೆ ಅಂದ್ರ ಯಾಕಂತಾರ. ಯಾಕಂತ ಹೇಳಾಕ ಹೋದ್ರ ಎಲ್ಲಾ ಹೇಳ್ಬೇಕಾಗ್ತತಿ.’

ಅವನು ಹೇಳಲಾರ. ಅವಳು ಹೇಳಿದರೆ ಕೇಳಲಾರ. ಅವನು ಕೇಳುವ ಮಾತು ಭೂಮಿಯ ಮೇಲೆ ಒಬ್ಬರದ್ದೇ, ಮಾಸ್ತರರದು. ಅವರ ನಂಬರು ಪದಕದ ಫೋಟೋದ ಹಿಂದೆ ಬರೆದಿತ್ತು. ಎರಡು ದಿನದಲ್ಲಿ ಅವಳು ಆರು ಸಲ ಒತ್ತಿದ್ದಳು, ಕೊನೆಯ ಅಂಕಿಗೆ ಬಂದು ನಿಲ್ಲಿಸಿದ್ದಳು. ಏನೆಂದು ಹೇಳುವುದು, ನಿಮ್ಮ ಹೆಸರು ಕೆಡಿಸಿದ ಸುಳ್ಳಿಗೆ ನಾನೂ ಪಾಲುದಾರಳು ಎಂದೇ?

ಶನಿವಾರ ಸಂಜೆ ಅವನು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಎಡಗೈಯಿಂದ ಬಲಗೈಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ. ಅವನ ಬೆನ್ನ ಹಿಂದೆ ಆ ಅದಿರಿನ ಚೀಲ ಇನ್ನೂ ನೇತಾಡುತ್ತಿತ್ತು, ಇಳಿಸಲು ನಾಲ್ಕು ಮಂದಿ ಕೂಡಿರಲಿಲ್ಲ. ಸೌಜನ್ಯ ಕೂಸನ್ನು ಭರಮಮ್ಮನ ಮಡಿಲಿಗೆ ಹಾಕಿ, ಕೊನೆಯ ಅಂಕಿಯನ್ನೂ ಒತ್ತಿದಳು.

‘ಮಾಸ್ತರ್ರ, ನಾ ಸೌಜನ್ಯರಿ. ಮಾಲತೇಶ್ ಅವ್ರ ಮನಿಯಾಕಿ. ನಿಮ್ಮ ಪಟ್ಟಿಯಿಂದ ಕೈ ಮುರೀಲಿಲ್ರಿ. ಚೀಲಕ್ಕ ಅದಿರು ತುಂಬಿದ್ವಿ. ಬಾಯಿ ಹಿಡ್ದಾಕಿ ನಾನ.’

ಆ ಕಡೆ ಯಾವುದೋ ಬಸ್ಸು ಹಾರ್ನ್ ಹೊಡೆದು ಹೋಯಿತು.

‘ಗೊತ್ತಿತ್ತು ಬಿಡವಾ,’ ಎಂದರು ಕೊಟ್ರಯ್ಯ. ‘ಎಕ್ಸ್‌ರೇದಾಗ ಹಳೇ ಬಿರುಕು ಕಂಡಿತ್ತು. ಹುಡುಗನ ಹೆಸರು ಕೆಡ್ತತಿ ಅಂತ ಸುಮ್ನಿದ್ದೆ. ಸುಮ್ನಿದ್ದದ್ದ ತಪ್ಪಾತು. ಕಿರುಬೆರಳು ಮಡಚಾಕ ಬರ್ತತೇನು?’

‘ಇಲ್ರಿ. ಕೂಸು ಜಾರ್ತತ್ರಿ. ನಾಳೆ ಧಣಿ ಇದ ಕೈಲೆ ಆಡ್ಸಾಕತ್ತಾರ್ರಿ.’

ಫೋನು ಅವನಿಗೆ ಕೊಡು ಎಂದರು.

ಅವಳು ಹೋಗಿ ಫೋನನ್ನು ಮಾಲತೇಶನ ಕಿವಿಗೆ ಹಿಡಿದಳು. ಯಾರು ಎಂದು ಅವನು ಹುಬ್ಬಿನಲ್ಲೇ ಕೇಳುವಷ್ಟರಲ್ಲಿ ಆ ಹಳೆಯ ದನಿ ಅವಳಿಗೂ ಕೇಳುವಂತೆ ಬಂತು.

‘ಪಟ್ಟಿ ಯಾರು ಕಟ್ಟಿದ್ರಲೇ?’

ಅವನು ಎದ್ದು ನಿಂತ. ‘ನಾನ ಕಟ್ಕೊಳ್ಳಾಕತ್ತೀನ್ರಿ, ಮಾಸ್ತರ್ರ.’

‘ಬಿಚ್ಚು. ಧಣಿಗೆ ನಾ ಬಂದು ಹೇಳ್ತೀನಿ.’

ಮಾಲತೇಶ ಫೋನಿಗೆ ಕಿವಿಕೊಟ್ಟೇ, ಹಲ್ಲಿನಿಂದ ಪಟ್ಟಿಯ ಗಂಟು ಎಳೆದು ಬಿಚ್ಚಿದ.